ಬಕೀಟು ಖಾಲಿಯಾಗುವ ಲೆಕ್ಕ

ಬಾಗಲಕೋಟೆಯ ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪ್‌ನಾಗ ನಗುವಿಗೇನೂ ಬರ ಇಲ್ಲ. ನಾ ಅಲ್ಲಿ ಫಿಟ್ಟರ್. ಕಲಿತದ್ದು ಐದನೇ ಇಯತ್ತೆ. ಮೊದಲ ವರ್ಷದ ಹುಡುಗರು ಕಾಗದದ ಮೇಲೆ ಲೆಕ್ಕ ಕಟ್ಟತಾರ. ಅದು ಖರೇನೋ ಸುಳ್ಳೋ ನೋಡಾಕ ಒಂದು ಸಾಮಾನು ಮಾಡತಾರ. ಕೊರೆಯೋದು, ಬೆಸೆಯೋದು ನನ್ನ ಕೆಲಸ. ಹೆಂಡತಿ ತೀರಿದ ಮೇಲೆ ರವಿವಾರವೂ ಅಲ್ಲೇ ಇರತೇನಿ.

ಚಹಾ

ಬಿಸಿ ಚಹಾ ಆರಾಕ ಎಷ್ಟು ನಿಮಿಷ ಬೇಕು? ಇದು ಮೊದಲ ಲೆಕ್ಕ. ಹುನಗುಂದದ ಒಬ್ಬ ಹುಡುಗಿ ಕಪ್ಪು ಇಟ್ಟು ಥರ್ಮಾಮೀಟರ್ ತರಾಕ ಹೋದಳು. ನಾ ಬಂದೆ. ನನಗೇ ಇಟ್ಟಾರಂತ ಕುಡಿದೆ.

"ಕಾಕಾ, ಇದರಾಗ ಚಹಾ ಇತ್ತಲ್ರಿ?"

"ಇತ್ತವಾ. ಸಕ್ಕರಿ ಕಡಿಮಿ ಇತ್ತು."

ಲೆಕ್ಕ ಕಲಿಸೋ ಮಾಸ್ತರು ಆಕೀ ವಹಿ ನೋಡಿದರು. "ಮೂರನೇ ನಿಮಿಷಕ್ಕ ಚಹಾನಽ ಇಲ್ಲಂತ ಬರದೀಯಲ್ಲ. ಇದಕ್ಕ ಕಾರಣ ಏನು?"

"ಫಿಟ್ಟರ್ ಕಾಕಾ, ಸರ್."

ಬಕೀಟು

ಆಮೇಲೆ ಪರೀಕ್ಷೆಯ ಸಾಮಾನು. ತಳದಾಗ ತೂತಿರೋ ಬಕೀಟು. ನೀರು ಎಷ್ಟು ನಿಮಿಷಕ್ಕ ಖಾಲಿ ಅಂತ ಮೊದಲೇ ಹೇಳಬೇಕು. ತಪ್ಪಿದರ ಫೇಲು. ತಾಲೀಮಿನಾಗ ಅದೇ ಹುಡುಗಿ ಹತ್ತು ನಿಮಿಷ ಅಂದಳು. ಹಿಡಿದದ್ದು ಇಪ್ಪತ್ತು.

"ತೂತು ಸಣ್ಣ ಕೊರದೀರಿ, ಕಾಕಾ."

"ತೂತಿಗೆ ಬೈಬ್ಯಾಡ. ಮೊದಲನೇ ನಿಮಿಷದ ನೀರಿನ ಓಟನಽ ಕಡೀತನ ಹಿಡದೀ. ನೀರು ಇಳಿದಂಗ ಓಟಾನೂ ಇಳೀತೈತಿ."

"ನಿಮಗ ಹೆಂಗ ಗೊತ್ರಿ?"

"ಮೊದಲೆಲ್ಲಾ ಮನ್ಯಾಗ ಡ್ರಮ್ಮಿನ ನಳದಿಂದ ಕೊಡಕ್ಕ ನೀರು ನನ್ನಾಕಿ ಹಿಡೀತಿದ್ಳು. ಈಗ ನಾ ಹಿಡೀತೇನಿ. ಕಡೇ ಕೊಡ ತುಂಬೂದ್ರಾಗ ಒಂದು ನಿದ್ದಿ ಆಗತೈತಿ."

ಹುಡುಗಿ ವಹಿ ತೆಗೆದಳು. ಲೆಕ್ಕ ತಿದ್ದಿದಳು. ಇಪ್ಪತ್ತು ಬಂತು.

"ನಿಮ್ಮ ನಿದ್ದಿ ಬಿಟ್ಟು ಉಳಿದದ್ದೆಲ್ಲಾ ಲೆಕ್ಕದಾಗ ಹಿಡದೇನ್ರಿ," ಅಂದಳು.

ಪರೀಕ್ಷೆ

ಹೊರಗಿನಿಂದ ಪರೀಕ್ಷಕರು ಬಂದರು. "ಇಪ್ಪತ್ತು ನಿಮಿಷರಿ," ಹುಡುಗಿ ಗಟ್ಟಿಯಾಗಿ ಹೇಳಿದಳು. ನಾ ಬಿರಡೆ ತೆಗೆದೆ. ಎರಡು ನಿಮಿಷ ನೀರು ಸುರೀತು. ಆಮೇಲೆ ನಿಂತೇ ಬಿಡ್ತು. ಹುಡುಗಿ ಬಗ್ಗಿ ತೂತು ನೋಡಿದಳು.

ಬಕೀಟಿನಾಗ ಕೈ ಹಾಕಿದೆ. ತೂತಿಗೆ ಸೇವಂತಿಗಿ ಎಸಳು ಮೆತ್ತಿದ್ದವು. ಬಕೀಟಿನ ಹೊರಮೈಗೆ ನೋಡಿದರ ಕುಂಕುಮ. ಯಾರೋ ಮುಂಜಾನೆ ಬಕೀಟಿಗೆ ಪೂಜೆ ಮಾಡಿದ್ದರು.

"ಎಸಳು ತಗೀರಿ. ಮತ್ತ ತುಂಬಸ್ರಿ," ಅಂದರು ಪರೀಕ್ಷಕರು.

ಈ ಸಲ ಇಪ್ಪತ್ತಕ್ಕ ಸರಿಯಾಗಿ ಬಕೀಟು ಖಾಲಿ. ಹುಡುಗಿ ಕುಣಿಯೋದೊಂದು ಬಾಕಿ.

"ಲೆಕ್ಕ ಖರೆ ಐತಿ. ಹೂವು ಹಾಕಿದವರು ಯಾರು?"

ಹುಡುಗಿ ನನ್ನ ನೋಡಿದಳು. ನಾ ಮಾಸ್ತರನ್ನ ನೋಡಿದೆ. ಮಾಸ್ತರು ನೆಲ ನೋಡಿದರು.

"ನಾನಽ ಸರ್. ಎಲ್ಲಾ ಚಲೋ ಆಗಲಿ ಅಂತ..."

ಪರೀಕ್ಷಕರು ಪೆನ್ನು ತೆಗೆದರು. "ಹುಡುಗಿ ಪಾಸು. ಸಪ್ಲಿಮೆಂಟರಿಗೆ ನೀವು ಬರ್ರಿ, ಮಾಸ್ತರ."