ಅಕ್ಕನ ಕಾರಿನ ಗೀರು

ಅನಾಹುತಕ್ಕೆಲ್ಲ ಮೂಲ ಒಂದು ಬೆಲ್ಟಿನ ಬಕಲ್. ಅದೂ ಹಿತ್ತಾಳೆಯದು, ಅಗಲ ನೋಡಿದರೆ ಅದರ ಮೇಲೆ ನಾಲ್ಕು ಜನ ಕೂತು ಹರಟೆ ಹೊಡೆಯಬಹುದಿತ್ತು.

ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ನಮ್ಮ ಗುಮಾಸ್ತ ತನ್ನ ಅಕ್ಕನ ನೀಲಿ ಕಾರಿನ ಆ ಬದಿಗೆ ನಿಂತು, ಎರಡೂ ಮೊಣಕೈಗಳನ್ನು ಅದರ ನೆತ್ತಿಯ ಮೇಲೆ ಊರಿ, ಗಲ್ಲಕ್ಕೆ ಕೈ ಕೊಟ್ಟು, ಲೋಕದ ಕಾರುಗಳೆಲ್ಲ ತನ್ನ ತಾತನ ಸ್ವತ್ತು ಎಂಬಂಥ ಮುಖ ಮಾಡಿದ. ಈ ಬದಿಯಿಂದ ಹೆಂಡತಿ ಫೋಟೊ ತೆಗೆದಳು. ಸೋಮವಾರ ಕಚೇರಿಯಲ್ಲಿ ತೋರಿಸಲು ಒಂದೇ ಒಂದು ಫೋಟೊ, ಅಷ್ಟೇ ಅವನ ಆಸೆ. ಫೋಟೊ ಚೆನ್ನಾಗಿಯೇ ಬಂತು. ಹಿಂದೆ ಸರಿದು ನೋಡುತ್ತಾನೆ: ಡ್ರೈವರ್ ಬಾಗಿಲಿನ ಮೇಲೆ, ಹಿಡಿಕೆಯ ಪಕ್ಕದಲ್ಲಿ, ಸರಿಯಾಗಿ ಬಕಲ್ ಇದ್ದ ಎತ್ತರಕ್ಕೆ, ಗೇಣುದ್ದದ ಗೀರು!

ಕೂದಲೆಳೆಯಷ್ಟು ಸಣ್ಣದು. ಗುಮಾಸ್ತನ ಕಣ್ಣಿಗೆ ಮಾತ್ರ ಅದು ಎರಡು ಲಾರಿ ಎದುರುಬದುರು ಓಡುವಂಥ ಹೆದ್ದಾರಿಯಾಗಿ ಕಂಡಿತು.

"ಅಯ್ಯೋ, ಅತ್ತಿಗೆ ಸಂಜೆ ಐದಕ್ಕೆ ಬರ್ತಾರಲ್ರೀ!" ಎಂದಳು ಹೆಂಡತಿ.

ಅದೇ ಕುತ್ತಿಗೆಗೆ ಬಂದ ಮಾತು. ಅಕ್ಕ ಶಾಲೆಯ ಮುಖ್ಯೋಪಾಧ್ಯಾಯಿನಿ. ಆಕೆ ಒಮ್ಮೆ ಕೆಮ್ಮಿದರೆ ಆರುನೂರು ಮಕ್ಕಳು ಬಾಯಿ ಮುಚ್ಚುತ್ತಿದ್ದರು. ಪಕ್ಕದ ಕಾರ್ಖಾನೆಯ ಸೈರನ್ ಕೂಡ ಎರಡು ನಿಮಿಷ ತಡೆದು ಕೂಗುತ್ತಿತ್ತು. ಚಿಕ್ಕವನಿದ್ದಾಗ ಗುಮಾಸ್ತ ಅವಳ ಪೆನ್ನನ್ನು ಬೀಳಿಸಿ ನಿಬ್ಬು ಮುರಿದು, ಸದ್ದಿಲ್ಲದೆ ಅದೇ ಬಣ್ಣದ ಇನ್ನೊಂದು ಪೆನ್ನು ತಂದಿಟ್ಟಿದ್ದ. ಅಕ್ಕ ಮುಚ್ಚಳ ನೋಡಿದವಳೇ, "ಇದರ ಮೇಲೆ ನನ್ನ ಹಲ್ಲಿನ ಗುರುತೆಲ್ಲಿ?" ಎಂದು ಹಿಡಿದುಬಿಟ್ಟಿದ್ದಳು. ಆಗ ಅವನಿಗೆ ಹನ್ನೆರಡು. ಈಗ ನಲವತ್ತಮೂರು. ನಡುವಿನ ಮೂವತ್ತೊಂದು ವರ್ಷ ಅಕ್ಕ ಅವನಿಗೆ ಒಂದು ಗುಂಡುಪಿನ್ನನ್ನೂ ಎರವಲು ಕೊಟ್ಟಿರಲಿಲ್ಲ. ಈ ಸಲ ಭಾವನ ಜೊತೆ ಹತ್ತು ದಿನ ಪ್ರವಾಸ ಹೊರಟಾಗ ಮಾತ್ರ, ಏನು ಮನಸ್ಸು ಬಂತೋ, ಕಾರನ್ನೇ ತಂದು ತಮ್ಮನ ಅಂಗಳದಲ್ಲಿ ನಿಲ್ಲಿಸಿ, "ಪುಟ್ಟ, ನಿನ್ನನ್ನ ನಂಬಿದ್ದೀನಿ" ಎಂದಿದ್ದಳು. ಇನ್ನು ಆ ನಂಬಿಕೆಗೆ ಉಳಿದಿದ್ದು ಒಂಬತ್ತು ಗಂಟೆ.

ಗುಮಾಸ್ತ ಬಾಗಿಲನ್ನು ಉಗುಳು ಹಚ್ಚಿ ಉಜ್ಜುತ್ತಿರುವಾಗ ಎದುರುಮನೆಯ ಹಲ್ಲಿನ ಡಾಕ್ಟರು ಬಂದರು. ಗೀರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಾಯೊಳಗೆ ಇಣುಕಿದಂತೆ ಇಣುಕಿದರು.

"ಆಳ ಇಲ್ಲ. ಕೀಳೋದೇನೂ ಬೇಡ."

"ಏನು ಕೀಳೋದು ಡಾಕ್ಟ್ರೇ?"

"ಅಭ್ಯಾಸ, ಬಾಯಿಗೆ ಬಂತು. ಹಲ್ಲುಜ್ಜೋ ಪೇಸ್ಟ್ ತರ್ತೀನಿ ಇರಿ. ಸಣ್ಣ ಸಣ್ಣ ಸುತ್ತು, ಮೃದುವಾಗಿ. ಒಸಡಿಗೆ ನೋವಾಗ್ಬಾರದು."

ನಂಬಿದರೆ ನಂಬಿ, ಅರ್ಧ ಟ್ಯೂಬಿಗೆ ಗೀರು ಮಾಯ! ಗುಮಾಸ್ತ ಎದ್ದು ನಿಂತು ಡಾಕ್ಟರನ್ನು ತಬ್ಬಿಕೊಳ್ಳುವುದರಲ್ಲಿದ್ದ. ಅಷ್ಟರಲ್ಲಿ ಹೆಂಡತಿ, "ಗೀರೇನೋ ಹೋಯ್ತು. ಆದ್ರೆ ಈಗ ಅಲ್ಲೇ ಕಣ್ಣು ಹೋಗುತ್ತಲ್ಲಾ" ಎಂದಳು.

ನಿಜ. ಮೂರು ವರ್ಷದ ಬಿಸಿಲು ಧೂಳು ತಿಂದು ಕಾರೆಲ್ಲ ಒಣಗಿದ ಬೂದುಗುಂಬಳದಂತಿತ್ತು. ಉಜ್ಜಿದ ಜಾಗ ಮಾತ್ರ ರಾಜನ ಕಿರೀಟದ ನೀಲಮಣಿ. ಅದನ್ನು ಮರೆಮಾಡಲು ಬಾಗಿಲನ್ನೆಲ್ಲ ಉಜ್ಜಿದ. ಆಗ ಹಿಂದಿನ ಬಾಗಿಲು ಮಂಕಾಯಿತು. ಅದನ್ನು ಉಜ್ಜಿದರೆ ಬಾನೆಟ್ ಅಳುತ್ತಾ ನಿಂತಿತು.

ಇಷ್ಟು ಹೊತ್ತಿಗೆ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಗೋಡೆ ಹಾರಿಯೇ ಬಂದರು. ಕೈಯಲ್ಲಿ ತಮ್ಮ ಸ್ಕೂಟರಿಗೆಂದು ಇಟ್ಟುಕೊಂಡಿದ್ದ ವ್ಯಾಕ್ಸ್ ಡಬ್ಬಿ, ಪದಕ ಬೆಳಗುವ ಲೋಹದ ಪಾಲಿಶ್ ಬಾಟಲಿ, ಕೊರಳಲ್ಲಿ ಸೀಟಿ.

"ಗಾಡಿ ಬಿಸಿಲಿಗೆ ತಳ್ಳಯ್ಯ! ಬೇಗ ಒಣಗುತ್ತೆ. ವ್ಯಾಕ್ಸ್ ಹಚ್ಚು! ಒಂದ್, ಎರಡ್! ಒಂದ್, ಎರಡ್!"

ಬಿಸಿಲಿಗೆ ವ್ಯಾಕ್ಸ್ ಒಣಗಿತು ಎಂದರೆ ಸಾಲದು, ಗೋಡೆಯ ಗಾರೆಯಂತೆ ಗಟ್ಟಿಯಾಯಿತು. ನೀಲಿ ಕಾರು ಸುಣ್ಣ ಬಳಿದ ಕೊಟ್ಟಿಗೆಯಾಯಿತು. ಮತ್ತೆ ನೆರಳಿಗೆ ತಳ್ಳಿ, ಅದನ್ನು ಉಜ್ಜಿ ಉಜ್ಜಿ ತೆಗೆಯುವಷ್ಟರಲ್ಲಿ ಮನೆಯ ಹಳೇ ಟವೆಲುಗಳು ಮುಗಿದವು, ದಿಂಬಿನ ಚೀಲ ಮುಗಿದವು, ಕೊನೆಗೆ ಗುಮಾಸ್ತನ ಮೈಮೇಲಿದ್ದ ಬನಿಯನ್ನೂ ಹೋಯಿತು. ಮೇಷ್ಟ್ರು ಬಿಡಲಿಲ್ಲ. ಹಿಡಿಕೆ ಬೆಳಗಿಸಿದರು, ಹೊಗೆಕೊಳವೆ ಬೆಳಗಿಸಿದರು, ನಂಬರ್ ಪ್ಲೇಟಿನ ತುಕ್ಕು ಹಿಡಿದ ತಿರುಪುಗಳನ್ನೂ ಬಿಚ್ಚಿಸಿ, ಬೆಳಗಿಸಿ, ಮತ್ತೆ ಹಾಕಿಸಿದರು. "ಯೂನಿಫಾರಂ ಹೊಳೆದ್ರೆ ಸಾಲ್ದು, ಗುಂಡಿ ಹೊಳೀಬೇಕು!"

ನಾಲ್ಕೂವರೆಗೆ ವ್ಯಾಕ್ಸ್ ಡಬ್ಬಿಯ ತಳ ಕಂಡಿತು. ಹಿಂದಿನ ಬಂಪರಿನ ಮೂಲೆಯಲ್ಲಿ ಅಂಗೈಯಗಲದ ಜಾಗ ಹಾಗೇ ಕೊಳಕಾಗಿ ಉಳಿದಿತ್ತು. ಗುಮಾಸ್ತ ಕಾರನ್ನು ಹಿಂದಕ್ಕೆ ತಳ್ಳಿ ಆ ಮೂಲೆಯನ್ನು ಗೋಡೆಗೆ ಒತ್ತಿ ಮರೆಮಾಡಿದ. ಇನ್ನೂರು ಗಜದಾಚೆ ಹಾರುವ ಕಾಗೆ ಕೂಡ ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ರೆಕ್ಕೆ ಸರಿಮಾಡಿಕೊಳ್ಳುತ್ತಿತ್ತು.

ಆಮೇಲೆ ಗುಮಾಸ್ತ ಮೂವರ ಮುಂದೆಯೂ ಕೈಮುಗಿದ. "ಡಾಕ್ಟ್ರೇ, ಮೇಷ್ಟ್ರೇ, ಲೇ ನೀನೂ ಕೇಳು. ನಾನು ಕಾರು ಮುಟ್ಟಿದ್ದು ಯಾರಿಗೂ ಗೊತ್ತಾಗ್ಬಾರದು. ಯಾಕೆ ಉಜ್ಜಿದೆ ಅಂತ ಅಕ್ಕ ಕೇಳಿದ್ರೆ ನನ್ನ ಕತೆ ಮುಗೀತು."

"ನನ್ನ ತಲೆ ಹೋದ್ರೂ ಬಾಯಿ ಬಿಡಲ್ಲ!" ಎಂದರು ಮೇಷ್ಟ್ರು. ಡಾಕ್ಟರು ತಾವೂ ಬಾಯಿ ಬಿಡುವುದಿಲ್ಲವೆಂದು ಬಾಯಿ ಮುಚ್ಚಿ ತೋರಿಸಿದರು.

ಸರಿಯಾಗಿ ಐದಕ್ಕೆ ಅಕ್ಕ, ಹಿಂದೆ ಎರಡು ಪೆಟ್ಟಿಗೆ ಹೊತ್ತ ಭಾವ, ಗೇಟಿನೊಳಗೆ ಬಂದರು. ಭಾವ ವರ್ಷಕ್ಕೆ ಎರಡು ಸಲ ಮಾತಾಡುವ ಮನುಷ್ಯ.

"ಪುಟ್ಟ, ನನ್ನ ಕಾರೆಲ್ಲೋ?"

"ಇದೇ ಅಲ್ವೇನಕ್ಕ, ನಿನ್ನ ಎದುರಿಗೇ ಇದೆ!"

ಅಕ್ಕ ಒಂದು ಸುತ್ತು ಹಾಕಿದಳು. ಡ್ರೈವರ್ ಬಾಗಿಲಿನ ಮುಂದೆ ನಿಂತಳು. ಹಿಡಿಕೆಯ ಪಕ್ಕ ಬೆರಳಿನಿಂದ ಸವರಿದಳು.

"ಗೀರೆಲ್ಲಿ?"

ಗುಮಾಸ್ತ ಬಕಲ್ಲಿಗೆ ಕೈ ಅಡ್ಡ ಹಿಡಿದ. "ಯಾ... ಯಾವ ಗೀರು?"

"ನನ್ನ ಗೀರು ಕಣೋ! ಕಾರು ತಂದ ಮೂರನೇ ದಿನ ನಾನೇ ಬೀಗದ ಕೈಯಲ್ಲಿ ಎಳೆದದ್ದು. ಶಾಲೆ ಹತ್ರ ಇದೇ ಬಣ್ಣದ ಒಂಬತ್ತು ಕಾರು ನಿಲ್ತವೆ. ನಂಬರ್ ನನಗೆ ನೆನಪಿರಲ್ಲ. ಆ ಗೀರು ನೋಡೇ ನಾನು ಹತ್ತೋದು."

ಗುಮಾಸ್ತನಿಗೆ ಆದ ಸಂತೋಷವನ್ನು ಏನೆಂದು ಹೇಳುವುದು! ಬಕಲ್ ನಿರಪರಾಧಿ! ಗೀರು ಅಕ್ಕನದೇ! ಅಲ್ಲೇ ಒಂದು ಕುಣಿತ ಕುಣಿಯಲು ಕಾಲೆತ್ತಿದ. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು.

"ಪುಟ್ಟ," ಅಕ್ಕನ ದನಿ ಇಳಿದಿತ್ತು, "ಪೆನ್ನು ನೆನಪಿದ್ಯಾ? ನನ್ನ ಕಾರನ್ನ ಯಾವ ಹಳ್ಳಕ್ಕೆ ಹಾಕ್ದೆ? ಇದನ್ನ ಎಲ್ಲಿಂದ ತಂದೆ?"

"ಅಕ್ಕಾ, ನಂಬರ್ ಪ್ಲೇಟ್ ನೋಡು!"

"ನೋಡ್ದೆ. ತಿರುಪು ಫಳಫಳ ಅಂತಿವೆ. ಇವತ್ತೇ ಹಾಕಿದ್ದು."

"ನಾನು ಉಜ್ಜಿದ್ದಕ್ಕ! ಬೆಳಗ್ಗೆಯಿಂದ ಉಜ್ಜಿದ್ದೀನಿ! ಬೇಕಾದ್ರೆ ಮೇಷ್ಟ್ರನ್ನ ಕೇಳು!"

ಮೇಷ್ಟ್ರು ಎದೆ ಉಬ್ಬಿಸಿ ಮುಂದೆ ಬಂದರು. "ಮೇಡಂ, ಈತ ಈ ಗಾಡಿ ಹತ್ತಿರಕ್ಕೂ ಬಂದಿಲ್ಲ!" ಎಂದು ಗುಮಾಸ್ತನ ಕಡೆ ಕಣ್ಣು ಹೊಡೆದರು.

"ಮೇಷ್ಟ್ರೇ, ಈಗ ಹೇಳ್ಬಹುದು!"

"ಬಟ್ಟೆ ಕೂಡ ಮುಟ್ಟಿಸಿಲ್ಲ," ಎಂದರು ಡಾಕ್ಟರು. "ನಾನು ಕಿಟಕೀಲೇ ಕೂತಿದ್ದೆ."

"ಇಡೀ ದಿನ ಗೊರಕೆ ಹೊಡೀತಿದ್ರು ಅತ್ತಿಗೆ," ಎಂದು ಹೆಂಡತಿ ಕೊನೆಯ ಮೊಳೆ ಹೊಡೆದಳು.

ಇಂಥ ನಿಷ್ಠೆಯನ್ನು ಭೂಮಿಯ ಮೇಲೆ ಯಾರೂ ಕಂಡಿರಲಿಕ್ಕಿಲ್ಲ. ಅಕ್ಕ ಭಾವನ ಕಡೆ ತಿರುಗಿದಳು. "ರೀ, ಪೊಲೀಸಿಗೆ ಫೋನ್ ಮಾಡಿ."

ಭಾವ ಪೆಟ್ಟಿಗೆ ಕೆಳಗಿಟ್ಟು ಜೇಬಿಗೆ ಕೈ ಹಾಕಿದ್ದರು. ಆಗ ಗುಮಾಸ್ತನಿಗೆ ಹೊಳೆಯಿತು. ಗೋಡೆಯ ಕಡೆ ನುಗ್ಗಿ, ಹಲ್ಲು ಕಚ್ಚಿ ಕಾರನ್ನು ಒಂದು ಮಾರು ಮುಂದಕ್ಕೆ ತಳ್ಳಿದ.

"ನೋಡಕ್ಕ! ಇಲ್ಲಿ! ವ್ಯಾಕ್ಸ್ ಸಾಲ್ದೆ ಬಿಟ್ಟ ಜಾಗ!"

ಅಕ್ಕ ಬಗ್ಗಿದಳು. ಅಂಗೈಯಗಲದ ಆ ಕೊಳಕನ್ನು ಕಳೆದುಹೋದ ಮಗುವಿನ ಕೆನ್ನೆಯಂತೆ ಸವರಿದಳು. "ಶಾಲೆ ಗೇಟಿನ ಹಸಿರು ಬಣ್ಣ ಇಲ್ಲೇ ಮೆತ್ಕೊಂಡಿದೆ! ಹೌದು ಕಣ್ರೀ, ಇದು ನಮ್ಮ ಕಾರೇ!"

ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟ ರಭಸಕ್ಕೆ ಗೇಟು ತಾನಾಗಿಯೇ ಮುಚ್ಚಿಕೊಂಡಿತು. ಬಕಲ್ಲಿನಿಂದ ಹಿಡಿದು ಪೇಸ್ಟಿನವರೆಗೆ ಗುಮಾಸ್ತ ಎಲ್ಲವನ್ನೂ ಒಪ್ಪಿಕೊಂಡ. ಮೂವತ್ತೊಂದು ವರ್ಷದ ಭಾರ ಇಳಿದು ಮೈ ಹಗುರವಾಯಿತು. ಅಕ್ಕ ನಕ್ಕಳು. ಭಾವ ಆ ವರ್ಷದ ಮೊದಲನೇ ಮಾತಾಡಿದರು: "ಚೆನ್ನಾಗಿ ಹೊಳೀತಿದೆ."

"ಹೊಳೀಲಿ," ಎಂದಳು ಅಕ್ಕ, ಬೀಗದ ಕೈಯನ್ನು ತಮ್ಮನ ಕೈಗಿಟ್ಟು. "ಆದ್ರೆ ನಾಳೆ ಒಂಬತ್ತು ಕಾರಲ್ಲಿ ನಾನು ಇದನ್ನ ಹೇಗೆ ಹುಡುಕ್ಲಿ? ಎಲ್ಲಿತ್ತೋ ಅಲ್ಲೇ ಗೀರು ಹಾಕು."

"ನಾನಾ?"

"ಅಳಿಸಿದ್ದು ಯಾರು?"

ಗುಮಾಸ್ತ ಬೀಗದ ಕೈಯನ್ನು ಬಾಗಿಲಿಗೆ ಆನಿಸಿದ. ಅಂಗಳದಲ್ಲಿ ಗಾಳಿ ಕೂಡ ನಿಂತಿತು. ಪ್ರೋತ್ಸಾಹ ಕೊಡಲೆಂದು ಮೇಷ್ಟ್ರು ಪಕ್ಕದಲ್ಲಿ ನಿಂತರು.

"ನಿಧಾನ. ಒಂದ್... ಎರಡ್..." ಎಂದವರು ಮೂರಕ್ಕೆ ಸೀಟಿ ಊದಿಬಿಟ್ಟರು.

ಗುಮಾಸ್ತ ಹಾರಿಬಿದ್ದ. ಬೀಗದ ಕೈ ಹಿಡಿಕೆಯ ಪಕ್ಕದಿಂದ ಹೊರಟು, ಹಿಂದಿನ ಬಾಗಿಲನ್ನು ದಾಟಿ, ಹಿಂಬದಿಯ ದೀಪಕ್ಕೆ ಹೋಗಿ ನಿಂತಿತು.

ಅಕ್ಕ ಕನ್ನಡಕ ಏರಿಸಿಕೊಂಡು, ಆ ಗೀರಿನ ಉದ್ದಕ್ಕೂ ನಿಧಾನವಾಗಿ ನಡೆದುಕೊಂಡು ಹೋಗಿ, ಮತ್ತೆ ನಡೆದುಕೊಂಡು ಬಂದಳು.

"ನಂದು ಗೇಣುದ್ದ ಇತ್ತು ಪುಟ್ಟ. ಮಿಕ್ಕಿದ್ದನ್ನ ಅಳಿಸು."

ಹಲ್ಲಿನ ಡಾಕ್ಟರು ಆಗಲೇ ಹೊಸ ಟ್ಯೂಬ್ ತರಲು ಓಡಿದ್ದರು. ಉಜ್ಜಲು ಮನೆಯಲ್ಲಿ ಒಂದು ಚೂರು ಬಟ್ಟೆಯೂ ಉಳಿದಿರಲಿಲ್ಲ. ಆದರೂ ಗುಮಾಸ್ತನ ಮುಖದಲ್ಲಿ ನಗುವಿತ್ತು. ಈ ಗೀರನ್ನು ಯಾರಿಂದಲೂ ಬಚ್ಚಿಡಬೇಕಾಗಿರಲಿಲ್ಲವಲ್ಲ. ಹಾಯಾಗಿ ಒಂದು ಉಸಿರು ಬಿಟ್ಟು, ಷರ್ಟಿನ ಗುಂಡಿ ಬಿಚ್ಚತೊಡಗಿದ.