ನಮ್ಮ ಫ್ಯಾಕ್ಟರಿಯ ಬಿಸಿ ಎಲ್ಲಿಗೆ ಹೋಗುತ್ತೆ?

ಕೊಚ್ಚಿಯ ಹೊರಗೆ, ಎಣ್ಣೆಗೆ ಹೈಡ್ರೋಜನ್ ಕೂಡಿಸಿ ಗಟ್ಟಿ ಮಾಡುವ ಫ್ಯಾಕ್ಟರಿಯೊಂದರಲ್ಲಿ ನಾನು ಇಂಧನ ಉಳಿಸುವ ಇಂಜಿನಿಯರು. ಉಳಿಸೋಣ ಅಂತ ಬಾಯಿ ತೆರೆದರೆ ಸಾಕು, ಏನಾದರೊಂದು ಆಗಿಯೇ ತೀರುತ್ತೆ. ಮೈಸೂರಿಂದ ಬಂದು ಆರು ವರ್ಷವಾಯ್ತು, ಒಂದು ವಾರವೂ ನೆಟ್ಟಗೆ ಹೋಗಿಲ್ಲ. ಹೋದ ವರ್ಷವಂತೂ ತಿರುವನಂತಪುರದ ಹೆಡ್ಡಾಫೀಸಿನವರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು: ಮುಂದಿನ ಮಳೆಗಾಲದ ತಪಾಸಣೆ ಹೊತ್ತಿಗೆ ಸ್ಟೀಮ್ ಖರ್ಚು ಇಳಿಯದಿದ್ದರೆ ನಮ್ಮ ಘಟಕಕ್ಕೆ ಬೀಗ, ನನಗೆ ವರ್ಗ. ಮಗಳು ಹತ್ತನೇ ಕ್ಲಾಸಿಗೆ ಬರುವವಳು. ವರ್ಷದ ಮಧ್ಯೆ ಅವಳನ್ನು ಎಬ್ಬಿಸಿಕೊಂಡು ಎಲ್ಲಿಗೆ ಹೋಗಲಿ?

೧. ಏಸಿಯೂ ಹೊದಿಕೆಯೂ

ಸ್ಟೀಮಿನಲ್ಲಿ ಎಣ್ಣೆ ಕಾಯಿಸಿ, ನಿಕ್ಕಲ್ ಪುಡಿ ಹಾಕಿ, ಹೈಡ್ರೋಜನ್ ಬಿಟ್ಟರೆ ಆಮೇಲೆ ಅದು ತನ್ನಷ್ಟಕ್ಕೇ ಬಿಸಿಯಾಗುತ್ತಾ ಹೋಗುತ್ತೆ. ಆಗ ಸ್ಟೀಮ್ ಮುಚ್ಚಬೇಕು. ನಮ್ಮ ಹಿರಿಯ ಆಪರೇಟರು ಮುಚ್ಚುತ್ತಿರಲಿಲ್ಲ. ಎಲ್ಲರೂ ಅವರನ್ನು ಚೇಟ್ಟನ್ ಅಂತಾರೆ, ಅಂದರೆ ಅಣ್ಣ. ನಮ್ಮ ಪಕ್ಕದ ಮನೆಯವರೇ. ಸ್ಟೀಮೂ ಬಿಟ್ಟು, ಬಿಸಿ ಜಾಸ್ತಿಯಾಯ್ತು ಅಂತ ತಣ್ಣೀರೂ ಬಿಟ್ಟು, ಹಾಯಾಗಿ ಹಾಲಿಲ್ಲದ ಕಟ್ಟನ್ ಚಾಯ ಕುಡಿಯುತ್ತಾ ಕೂತಿರುತ್ತಿದ್ದರು. ಬಿಸಿಯೆಲ್ಲ ಆ ನೀರಿನ ಜೊತೆ ಚರಂಡಿ ಪಾಲು.

"ಒಂದು ಕೈಲಿ ಕಾಯಿಸ್ತೀರಿ, ಇನ್ನೊಂದು ಕೈಲಿ ಆರಿಸ್ತೀರಿ. ಯಾರಾದ್ರೂ ಹೀಗೆ ಮಾಡ್ತಾರಾ ಚೇಟ್ಟಾ?" ಅಂದೆ, ನನ್ನ ಹರಕುಮುರುಕು ಮಲಯಾಳಂನಲ್ಲಿ.

"ಮೇಡಂ ಮನೇಲಿ ಏಸಿ ಇದೆಯಲ್ಲ?"

"ಇದೆ."

"ಹಾಕ್ಕೊಂಡು ಹೊದ್ದುಕೊಳ್ತೀರಾ?"

ಹೊದ್ದುಕೊಳ್ತೀವಿ. ಎರಡೆರಡು. ನಾನು ಬಂದ ದಾರಿ ಹಿಡಿದೆ.

೨. ರಿಮೋಟು

ಇಂಧನ ಉಳಿತಾಯದ ಸಭೆಗೆ ಅಂತ ತಿರುವನಂತಪುರಕ್ಕೆ ಕರೆಸಿದರು. ಆ ಹಾಲಿನ ಏಸಿಗೆ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಪಕ್ಕದವರು ಫೈಲನ್ನೇ ಎದೆಗೆ ಒತ್ತಿಕೊಂಡು ಕೂತಿದ್ದರು. ಸ್ವಲ್ಪ ಕಮ್ಮಿ ಮಾಡಿ ಸ್ವಾಮೀ ಅಂತ ಅಲ್ಲಿನ ಅಟೆಂಡರಿಗೆ ಅಂದೆ.

"ರಿಮೋಟು ಬೀರುವಿನಲ್ಲಿದೆ ಮೇಡಂ, ಬೀಗ ಹಾಕಿದೆ."

"ಬೀಗದ ಕೈ?"

"ಅದನ್ನ ಇಟ್ಕೊಂಡಿರೋ ಆಫೀಸರು ಕರೆಂಟು ಉಳಿಸೋದು ಹೇಗೆ ಅಂತ ಕಲಿಯೋಕೆ ದಿಲ್ಲಿಗೆ ಹೋಗಿದ್ದಾರೆ."

೩. ಬೋರ್ಡಿನ ಪೂಜೆ

ಕೊನೆಗೂ ಹೆಡ್ಡಾಫೀಸಿನವರು ಒಂದು ಹೊಸ ಪೈಪು ಹಾಕಿಸಿಕೊಟ್ಟರು. ಹೈಡ್ರೋಜನ್ ಬಿಟ್ಟಾಗ ಹುಟ್ಟುವ ಬಿಸಿ ಈ ಪೈಪಿನ ನೀರಲ್ಲಿ ಹೋಗಿ ಮುಂದಿನ ಸರದಿಯ ಎಣ್ಣೆಯನ್ನು ಕಾಯಿಸಬೇಕು. ಅದಕ್ಕೆ ಮಾಡಬೇಕಾದ್ದು ಇಷ್ಟೇ: ಹೈಡ್ರೋಜನ್ ಬಿಟ್ಟ ಮೇಲೆ ಹಳೇ ಸ್ಟೀಮಿನ ವಾಲ್ವು, ತಣ್ಣೀರಿನ ವಾಲ್ವು, ಎರಡನ್ನೂ ಮುಚ್ಚುವುದು. ಮಗಳ ಕೈಲಿ ಮಲಯಾಳಂನಲ್ಲಿ ದೊಡ್ಡ ಬೋರ್ಡು ಬರೆಸಿ ವಾಲ್ವಿನ ಮೇಲೆ ನೇತುಹಾಕಿದೆ. ಮೂರು ಶಿಫ್ಟಿಗೂ ಗಂಟಲು ಹರಿಯುವ ಹಾಗೆ ಪಾಠ ಮಾಡಿದೆ.

ಆಯುಧಪೂಜೆ ದಿನ ಚೇಟ್ಟನ್ ಆ ಬೋರ್ಡನ್ನು ಒರೆಸಿ, ಗಂಧ ಹಚ್ಚಿ, ಚೆಂಡುಹೂವಿನ ಹಾರ ಹಾಕಿ ಕೈ ಮುಗಿದರು. ವಾಲ್ವು ಮಾತ್ರ ಮುಚ್ಚಲಿಲ್ಲ.

೪. ಯೂನಿಫಾರಂ

ಜೂನ್ ಬಂತು, ಮಳೆ ಹಿಡಿಯಿತು. ಮನೆಯಲ್ಲಿ ಬಟ್ಟೆ ಒಗೆಯುವ ಪಾಲು ನಮ್ಮ ಯಜಮಾನರದು; ಐಟಿ ಕೆಲಸ, ಮನೆಯಿಂದಲೇ. "ನಾಲ್ಕು ದಿನ ಆಯ್ತು ಕಣೇ, ಇದರ ಮೇಲೆ ಅಣಬೆ ಏಳೋದೊಂದು ಬಾಕಿ" ಅಂತ ಮಗಳ ಯೂನಿಫಾರಂ ಎತ್ತಿ ತೋರಿಸಿದರು. ಕನ್ನಡದಲ್ಲಿ ಕೇಳಿದರೆ ಮಲಯಾಳಂನಲ್ಲಿ ಉತ್ತರ ಕೊಡುವ ಮಗಳು, ಅವತ್ತು ಮೂಗು ಮುಚ್ಚಿಕೊಂಡು ಎರಡೂ ಭಾಷೆಯಲ್ಲಿ ಬೈದಳು. ಆಮೇಲೆ ಅದು ಹೇಗೋ ದಿನಾ ಗರಿಗರಿಯಾಗಿ ಒಣಗತೊಡಗಿತು. ಹೇಗೆ ಅಂತ ಕೇಳುವಷ್ಟು ತ್ರಾಣ ನನಗಿರಲಿಲ್ಲ.

ತಪಾಸಣೆಯ ದಿನ ತಿರುವನಂತಪುರದಿಂದ ಬಂದ ಆಡಿಟರು ಗೇಟಿನಿಂದ ಒಳಗೆ ಬರುವಷ್ಟರಲ್ಲಿ ತೊಯ್ದು ತೊಪ್ಪೆಯಾಗಿದ್ದರು. ಸ್ಟೀಮಿನ ರಿಜಿಸ್ಟರು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಎರಡೇ ವಾರದಲ್ಲಿ ಇಷ್ಟು ಇಳಿದಿದೆಯಲ್ಲ, ಹೇಗೆ ಮಾಡಿದಿರಿ?"

ದೇವರಾಣೆ ನನಗೂ ಗೊತ್ತಿರಲಿಲ್ಲ. "ಹೊಸ ಪೈಪು ಸಾರ್" ಅಂತ ಧೈರ್ಯ ಮಾಡಿ, ಗೋಡೌನಿನ ಹಿಂದೆ ಹೋಗಿದ್ದ ಆ ಪೈಪನ್ನು ತೋರಿಸಲು ಕರಕೊಂಡು ಹೋದೆ. ಹೋಗಿ ನೋಡಿದರೆ ಪೈಪಿನ ಬಿಸಿ ಆರದಿರಲಿ ಅಂತ ಸುತ್ತಿದ್ದ ಹೊದಿಕೆಯನ್ನು ಒಂದಾಳುದ್ದ ಬಿಚ್ಚಿಟ್ಟಿದ್ದಾರೆ. ಅದರ ಮೇಲೆ ಸಾಲಾಗಿ ಅಂಗಿ, ಬನಿಯನ್ನು, ಮುಂಡು. ನಟ್ಟನಡುವೆ ನನ್ನ ಮಗಳ ಸ್ಕೂಲ್ ಯೂನಿಫಾರಂ, ಹೆಸರಿನ ಪಟ್ಟಿ ಸಮೇತ!

"ಚೇಟ್ಟಾ, ಏನಿದು?"

"ಮೇಡಂ, ಸ್ಟೀಮ್ ಬಿಟ್ರೆ ತಣ್ಣೀರೂ ಬಿಡಬೇಕು, ತಣ್ಣೀರು ಬಿಟ್ರೆ ಬಿಸಿಯೆಲ್ಲ ಚರಂಡಿಗೆ, ಈ ಪೈಪು ಬಿಸಿಯಾಗಲ್ಲ. ಪೈಪು ಬಿಸಿಯಾಗದಿದ್ರೆ ಬಟ್ಟೆ ಒಣಗಲ್ಲ. ಅದಕ್ಕೇ ಮೂರು ಶಿಫ್ಟಿನವರೂ ಎರಡನ್ನೂ ಮುಚ್ಚಿಡ್ತಿದ್ದೀವಿ. ನಿಮ್ಮ ಯಜಮಾನ್ರೂ ಮಗಳ ಬಟ್ಟೆ ದಿನಾ ಒಂದು ಜೊತೆ ನನ್ನ ಕೈಲಿ ಕಳಿಸ್ತಾರೆ."

ಆರು ವರ್ಷದ ಪಾಠ, ಬೋರ್ಡು, ನನ್ನ ಗಂಟಲು, ಎಲ್ಲ ನೀರಲ್ಲಿ ಹೋಮ. ಆಡಿಟರ ಮುಖ ನೋಡಿದೆ. ಪ್ಯಾಂಟಿನಿಂದ ನೀರು ತೊಟ್ಟಿಕ್ಕುತ್ತಿದೆ. ಮುಗೀತು, ಬೀಗವೇ ಗತಿ, ಮಗಳಿಗೆ ಏನು ಹೇಳಲಿ ಅಂತ ಅಲ್ಲೇ ನಿಂತೆ.

ಅವರು ನಿಧಾನಕ್ಕೆ ಒಂದು ಡಬ್ಬದ ಮೇಲೆ ಕೂತರು. ಶೂ ಬಿಚ್ಚಿದರು. ಸಾಕ್ಸು ಕಳಚಿ ಹಿಂಡಿದರು.

"ಇದಕ್ಕೂ ಸ್ವಲ್ಪ ಜಾಗ ಆಗುತ್ತಾ?"

ಚೇಟ್ಟನ್ ಸಾಕ್ಸು ಇಸಕೊಂಡರು. ಪೈಪಿನ ಮೇಲೆ ಹಾಕಲಿಲ್ಲ, ಕೈಯಲ್ಲೇ ಹಿಡಿದು ನಿಂತರು.

"ಒಣಗಿಸೋ ಜವಾಬ್ದಾರಿ ನನ್ನದು ಸಾರೇ. ಮೊದಲು ಮೇಡಂ ತಪಾಸಣೆ ಕಾಗದಕ್ಕೆ ನೀವು ಒಂದು ಸೈನ್ ಹಾಕಿಬಿಡಿ."