ತಣ್ಣಗಿದ್ದರೆ ಹಿಡಿಯದ ಬ್ರೇಕು

ಬ್ರೇಕ್ ರಿಪೇರಿ ಮಾಡೋನ ಬದುಕಿನಲ್ಲಿ ಒಂದು ತೊಂದರೆ ಇದೆ. ಅವನು ಮಾಡಿದ ತಪ್ಪು ಅಂಗಡಿಯಲ್ಲೇ ಉಳಿಯೋದಿಲ್ಲ. ರಸ್ತೆಗಿಳಿದು, ಒಂದಷ್ಟು ದೂರ ಹೋಗಿ, ಯಾವುದಕ್ಕಾದರೂ ಗುದ್ದಿಕೊಂಡೇ ನಿಲ್ಲೋದು. ನನ್ನ ತಪ್ಪುಗಳು ಹಾಗೆ ಎಲ್ಲೆಲ್ಲೋ ಹೋಗಿ ನಿಂತಿವೆ. ನೆನೆಸಿಕೊಂಡಾಗ ನಗು ಬರುತ್ತೆ, ಆದರೆ ಅದರ ಹಿಂದೆಯೇ ಛೇ ಅಂತಲೂ ಅನಿಸುತ್ತೆ.

ನಾನು ದಾಬಸ್‌ಪೇಟೆಯಲ್ಲಿ ಹದಿನೆಂಟು ವರ್ಷ ಲಾರಿಗಳಿಗೆ ಬ್ರೇಕ್ ಲೈನಿಂಗ್ ಕೂರಿಸಿದವನು. ಆಮೇಲೆ ಸ್ವಂತ ಊರು ದೊಡ್ಡಬಳ್ಳಾಪುರಕ್ಕೆ ಬಂದು, ದೇವನಹಳ್ಳಿ ರಸ್ತೆಯಲ್ಲಿ ಅಂಗಡಿ ಹಾಕಿದೆ. ಇಲ್ಲಿ ಹೇಳೋದೆಲ್ಲ ನಾನು ಒಬ್ಬರೇ ಗಿರಾಕಿಗೆ ಮಾಡಿದ್ದು. ಅವರು ನಮ್ಮೂರಿನ ಹಲ್ಲಿನ ಡಾಕ್ಟರು. ಅರವತ್ತರ ಹತ್ತಿರ ವಯಸ್ಸು, ಮೆತ್ತಗಿನ ಮಾತು, ಸಿಗರೇಟಿಲ್ಲ, ಇಸ್ಪೀಟಿಲ್ಲ. ಇದ್ದ ಹುಚ್ಚು ಒಂದೇ, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ತಿಂಗಳಿಗೊಂದು ಭಾನುವಾರ ಅದನ್ನು ಹೊಸಕೋಟೆ ಆಚೆ ಇರೋ ರೇಸ್ ಟ್ರ್ಯಾಕಿಗೆ ಒಯ್ದು ಸುತ್ತು ಹೊಡೆದು ಬರಬೇಕು ಅನ್ನೋದು ಅವರ ಆಸೆ.

ನಾಲ್ಕನೇ ಸುತ್ತು

ಮೊದಲ ಸಲ ಅಂಗಡಿಗೆ ಬಂದಾಗ ತುಂಬ ವಿನಯದಿಂದ ಕೇಳಿದರು, "ಟ್ರ್ಯಾಕಲ್ಲಿ ಓಡಿಸ್ಬೇಕು ಅಂತಿದ್ದೀನಿ. ಯಾವ ಬ್ರೇಕ್ ಪ್ಯಾಡ್ ಹಾಕಿದ್ರೆ ಒಳ್ಳೇದು?"

ನನಗೆ ನಗು ಬಂತು. ಲಾರಿಯ ಕೆಲಸ ಕಲಿತವನಿಗೆ ಕಾರು ಅಂದರೆ ಆಟದ ಸಾಮಾನು. "ಸಾರ್, ಇಪ್ಪತ್ತು ಟನ್ ಕಬ್ಬಿಣ ಹೊತ್ಕೊಂಡು ಘಾಟಿ ಇಳಿಯೋ ಲಾರಿ ನಿಲ್ಸಿದ್ದೀನಿ ನಾನು. ನಿಮ್ಮ ಕಾರು ಅದರ ಸ್ಟೆಪ್ನಿ ಇದ್ದಂಗಿದೆ. ಮಾಮೂಲಿ ಪ್ಯಾಡ್ ಸಾಕು ಬಿಡಿ."

"ಕಾದ್ರೆ ಹಿಡಿಯಲ್ಲ ಅಂತಾರಲ್ಲ?"

"ಅದೆಲ್ಲ ಬೆಂಗಳೂರಿನೋರು ಕಟ್ಟಿರೋ ಕಥೆ."

ಕಥೆಯಲ್ಲ, ನಿಜವೇ. ರಸ್ತೆಯಲ್ಲಿ ನಾವು ಜೋರಾಗಿ ಬ್ರೇಕ್ ತುಳಿಯೋದು ಯಾವಾಗಲೋ ಒಮ್ಮೆ. ಟ್ರ್ಯಾಕಿನಲ್ಲಿ ಪ್ರತಿ ತಿರುವಿಗೂ ತುಳಿಯಬೇಕು, ತಣಿಯೋಕೆ ಪುರುಸೊತ್ತೇ ಇರಲ್ಲ. ಚಕ್ರದ ಡಿಸ್ಕನ್ನು ಒತ್ತಿ ಹಿಡಿಯೋ ಮಾಮೂಲಿ ಪ್ಯಾಡು ಕಾದು ಕಾದು ಕೊನೆಗೆ ಒದ್ದೆ ಸೋಪಿನ ಹಾಗೆ ಜಾರುತ್ತೆ. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಫೋನ್ ಬಂತು. "ಗಾಬರಿ ಏನಿಲ್ಲ, ನನಗೇನೂ ಆಗಿಲ್ಲ. ಮರಳಲ್ಲಿದ್ದೀನಿ."

"ಯಾವ ಮರಳು ಸಾರ್?"

"ನಿಲ್ಲದೆ ಬರೋರಿಗೆ ಅಂತ ತಿರುವಿನ ಆಚೆ ಸುರಿದಿರ್ತಾರಲ್ಲ, ಅದು. ನಿಮ್ಮ ಪ್ಯಾಡು ಮೂರು ಸುತ್ತು ಬಹಳ ಚೆನ್ನಾಗಿ ಹಿಡೀತು. ಆದರೆ ಇವರು ನಾಲ್ಕನೇ ಸುತ್ತೂ ಇಟ್ಟಿದ್ದಾರೆ."

ಹೋಗಿ ನೋಡಿದೆ. ಹೊಟ್ಟೆಯವರೆಗೂ ಮರಳಲ್ಲಿ ಹೂತಿದ್ದ ಕಾರಿನ ಪಕ್ಕ ಡಾಕ್ಟರು ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದರು. ಮರಳು ಇಲ್ಲದಿದ್ದರೆ ಏನಾಗ್ತಿತ್ತು ಅಂತ ಯೋಚಿಸುತ್ತಲೇ ನಾನು ಚಕ್ರದ ಸುತ್ತ ಮರಳು ಬಗೆಯೋಕೆ ಕೂತೆ. ಅವರು ಮಾತ್ರ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹದಿನೈದು ದಿನಕ್ಕೆ ನನಗೇ ಹಲ್ಲುನೋವು ಬಂದು ಅವರ ಕುರ್ಚಿಯಲ್ಲಿ ಬಾಯಿ ತೆರೆದು ಕೂರಬೇಕಾಯಿತು. "ಡಾಕ್ಟ್ರೇ, ಮರಗಟ್ಟೋ ಇಂಜೆಕ್ಷನ್ ಕೊಡ್ತೀರಲ್ವಾ?" ಅಂದೆ.

"ಖಂಡಿತ ಕೊಡ್ತೀನಿ," ಅಂದರು. "ಮೂರು ನಿಮಿಷ ಬಹಳ ಚೆನ್ನಾಗಿ ಕೆಲಸ ಮಾಡುತ್ತೆ."

ತಂಪು ವ್ಯಾಪಾರ

ಆ ಅವಮಾನಕ್ಕೆ ನಾನು ಬುದ್ಧಿ ಕಲಿತೆ. ಕಲಿತದ್ದು ಜಾಸ್ತಿಯಾಯಿತು, ಅಷ್ಟೇ. ಊರೆಲ್ಲ ವಿಚಾರಿಸಿ, ರೇಸ್ ಕಾರಿಗೇ ಅಂತ ಮಾಡಿದ ಗಟ್ಟಿ ಪ್ಯಾಡು ತರಿಸಿ ನಾಲ್ಕೂ ಚಕ್ರಕ್ಕೆ ಕೂರಿಸಿದೆ. "ಇನ್ನು ನಲವತ್ತು ಸುತ್ತು ಹೊಡೀರಿ ಸಾರ್, ಬೆಂಕಿ ಬಂದ್ರೂ ಹಿಡಿಯುತ್ತೆ," ಅಂದೆ.

ಬೆಂಕಿ ಬಂದರೆ ಹಿಡಿಯುತ್ತೆ, ನಿಜ. ಬರದಿದ್ದರೆ? ಆ ಪ್ಯಾಡಿನ ಗುಣವೇ ಹಾಗೆ, ಚೆನ್ನಾಗಿ ಕಾಯೋವರೆಗೂ ಅದಕ್ಕೆ ಹಿಡಿತ ಕಮ್ಮಿ. ಡಾಕ್ಟರಿಗೆ ಮನೆಯಲ್ಲಿ ಬೇರೆ ಕಾರಿಲ್ಲ, ಸೋಮವಾರ ಕ್ಲಿನಿಕ್ಕಿಗೂ ಇದರಲ್ಲೇ ಹೋಗ್ತಾರೆ ಅಂತ ನಾನು ಕೇಳಿಕೊಂಡಿರಲಿಲ್ಲ. "ವಾರದ ದಿನ ಕಾರು ಎಲ್ಲಿ ಓಡುತ್ತೆ ಸಾರ್?" ಅನ್ನೋ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಡಿಸೆಂಬರ್ ತಿಂಗಳ ಚಳಿ, ಬೆಳಗಿನ ಹೊತ್ತು. ಡಾಕ್ಟರು ಮನೆಯಿಂದ ಹೊರಟು ಬಸ್ ಸ್ಟ್ಯಾಂಡ್ ಹತ್ತಿರದ ತಿರುವಿಗೆ ಬಂದು ಬ್ರೇಕ್ ತುಳಿದರು. ಕಾರು ನಿಲ್ಲೋ ಯೋಚನೆಯನ್ನೇನೋ ಮಾಡಿತು, ಮನಸ್ಸು ಮಾಡಲಿಲ್ಲ. ಬಹಳ ನಿಧಾನವಾಗಿ, ಮೆರವಣಿಗೆಯ ಹಾಗೆ ಸಾಗಿ, ರಸ್ತೆ ಬದಿ ಗೋಪುರದಂತೆ ಪೇರಿಸಿದ್ದ ಎಳನೀರಿನ ರಾಶಿಗೆ ಮೂತಿ ಇಟ್ಟಿತು. ಕಾಯಿಗಳೆಲ್ಲ ಬಾನೆಟ್ ಮೇಲೆ ಉರುಳಿದವು.

ನಾನು ಸುದ್ದಿ ಕೇಳಿ ಓಡಿ ಹೋದಾಗ ಎಳನೀರಿನವನು ಮಚ್ಚು ಹಿಡಿದುಕೊಂಡೇ ವಿಚಾರಣೆ ನಡೆಸುತ್ತಿದ್ದ.

"ಏನ್ ಸ್ವಾಮಿ, ಗಾಡಿಗೆ ಬ್ರೇಕ್ ಇಲ್ವಾ?"

"ಇದೆಯಪ್ಪ. ಹೊಸದು. ತುಂಬ ಒಳ್ಳೇದು," ಅಂದರು ಡಾಕ್ಟರು. "ಇನ್ನೂ ಬಿಸಿ ಆಗಿಲ್ಲ, ಅಷ್ಟೇ."

ಅವನು ಕಾರನ್ನು ನೋಡಿದ, ತನ್ನ ಕಾಯಿಗಳನ್ನು ನೋಡಿದ. "ಬಿಸಿ ಬೇಕಿದ್ರೆ ಪಕ್ಕದ ಟೀ ಅಂಗಡಿಗೆ ಗುದ್ಬೇಕಿತ್ತು ಸ್ವಾಮಿ. ನಂದು ತಂಪು ವ್ಯಾಪಾರ!"

ಡಾಕ್ಟರು ಬರುವ ಸದ್ದು

ಅಷ್ಟಾದರೂ ಡಾಕ್ಟರು ಆ ಪ್ಯಾಡು ಬಿಚ್ಚಿಸಲಿಲ್ಲ. ಟ್ರ್ಯಾಕಿನಲ್ಲಿ ಅದು ನಿಜವಾಗಲೂ ಚೆನ್ನಾಗಿ ಹಿಡಿದಿತ್ತು. ಊರಿನೊಳಗೆ ಆಮೆಯ ಹಾಗೆ ಓಡಿಸಿಕೊಂಡು, ಕ್ಲಿನಿಕ್ಕಿಗೆ ಇನ್ನೂ ಇಪ್ಪತ್ತು ಮಾರು ಇರುವಾಗಲೇ ಬ್ರೇಕ್ ತುಳಿಯೋದು ಅಭ್ಯಾಸ ಮಾಡಿಕೊಂಡರು.

ಆದರೆ ಅಂಥ ಪ್ಯಾಡು ತಣ್ಣಗಿದ್ದಾಗ ಕಿರುಚುತ್ತೆ. ಸಾಧಾರಣ ಕಿರುಚಾಟವಲ್ಲ. ಡಾಕ್ಟರ ಕ್ಲಿನಿಕ್ ಇರೋದು ನೇಕಾರರ ಬೀದಿಯಲ್ಲಿ. ಅಲ್ಲಿ ಮನೆ ಮನೆಯಲ್ಲೂ ಪವರ್‌ಲೂಮ್ ಬಡಿಯುತ್ತಿರುತ್ತೆ, ಪಕ್ಕದವರ ಜೊತೆ ಮಾತಾಡಬೇಕಾದರೂ ಗಂಟಲು ಹರಿಯಬೇಕು. ಆ ಸದ್ದಿನ ಮೇಲೂ ಈ ಕಿರುಚಾಟ ಕೇಳುತ್ತಿತ್ತು. ಇಪ್ಪತ್ತು ಮಾರೂ ಒಂದೇ ಉಸಿರಿಗೆ, ಪ್ರಾಣ ಹೋಗೋರ ಕೂಗಿನ ಹಾಗೆ.

ಒಂದು ದಿನ ಡಾಕ್ಟರು ಬಂದು ಬೇಜಾರಿನಲ್ಲಿ ಕೂತರು. "ಪೇಷಂಟುಗಳು ಕಮ್ಮಿ ಆಗ್ತಿದ್ದಾರೆ ಕಣ್ರೀ. ನಾನು ಒಳಗೆ ಹೋಗೋಷ್ಟರಲ್ಲಿ ಕುರ್ಚಿ ಎಲ್ಲ ಖಾಲಿ."

ನನಗೆ ನಂಬಿಕೆ ಬರಲಿಲ್ಲ. ಮಾರನೇ ದಿನ ನಾನೇ ಹೋಗಿ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತೆ. ಐದಾರು ಜನ ಕೆನ್ನೆ ಹಿಡಿದುಕೊಂಡು ಕಾಯುತ್ತಿದ್ದರು. ಅಷ್ಟರಲ್ಲಿ ಕ್ಲಿನಿಕ್ಕಿನ ಹಿಂದುಗಡೆಯಿಂದ ಆ ಕೂಗು ಬಂತು. ಎಲ್ಲರ ಮುಖ ಬಿಳಿಚಿಕೊಂಡಿತು. ಇಬ್ಬರು ಚಪ್ಪಲಿ ಹುಡುಕತೊಡಗಿದರು. ನನ್ನ ಪಕ್ಕದಲ್ಲಿದ್ದ ನೇಕಾರರ ಮನೆಯ ಅಜ್ಜಿ ಎದೆ ಹಿಡಿದುಕೊಂಡು ನರ್ಸಮ್ಮನನ್ನು ಕೇಳಿದರು, "ಯಾರದಮ್ಮ ಹಲ್ಲು ಕೀಳ್ತಿರೋದು? ಮಗೂದಾ?"

"ಅಯ್ಯೋ ಯಾರದೂ ಅಲ್ಲ ಅಜ್ಜಿ," ನರ್ಸಮ್ಮ ಸಮಾಧಾನ ಮಾಡಿದರು. "ಡಾಕ್ಟ್ರು ಇನ್ನೂ ಬಂದೇ ಇಲ್ಲ. ಅದು ಅವರು ಬರ್ತಿರೋ ಸದ್ದು."

ಅಜ್ಜಿ ಎದ್ದು ಸೆರಗು ಬಿಗಿಮಾಡಿಕೊಂಡರು. "ಬರೋವಾಗ್ಲೇ ಹಿಂಗಿದ್ರೆ, ಬಂದ್ಮೇಲೆ ಹೆಂಗೋ! ನಾನು ಲವಂಗ ಇಟ್ಕೊಳ್ತೀನಿ ಬಿಡು."

ಆ ಅಜ್ಜಿ ನೋವು ನುಂಗಿಕೊಂಡು ಮನೆಗೆ ಹೋದರಲ್ಲ, ಅದು ನನ್ನ ಕೈಯಿಂದಾದದ್ದು. ಅವತ್ತು ಸಂಜೆಯೇ ಪ್ಯಾಡು ಬಿಚ್ಚಿದೆ.

ಹೆಂಡತಿ ಜೊತೆ ಸುತ್ತಾಟ

ಕೊನೆಗೂ ಸರಿಯಾದದ್ದು ಸಿಕ್ಕಿತು. ತಣ್ಣಗಿದ್ದಾಗಲೂ ಹಿಡಿಯೋ, ಒಂದಿಷ್ಟು ಸುತ್ತು ಕಾದರೂ ಕೈಬಿಡದ ನಡುವಿನ ಜಾತಿಯ ಪ್ಯಾಡು. ಹಳೆಯ ಬ್ರೇಕ್ ಆಯಿಲ್ ಚೆಲ್ಲಿ ಹೊಸದು ತುಂಬಿಸಿದೆ. ಇಷ್ಟಾದ ಮೇಲೂ ಒಂದು ಕೆಲಸ ಬಾಕಿ ಇರುತ್ತೆ. ಹೊಸ ಪ್ಯಾಡನ್ನು ಪಳಗಿಸಬೇಕು. ಖಾಲಿ ರಸ್ತೆಯಲ್ಲಿ ಜೋರಾಗಿ ಹೋಗಿ, ಗಕ್ಕನೆ ಬ್ರೇಕ್ ತುಳಿದು, ಪೂರ್ತಿ ನಿಲ್ಲಿಸದೆ ಮತ್ತೆ ಜೋರಾಗಿ ಹೋಗಬೇಕು. ಹೀಗೆ ಹತ್ತು ಸಲ. ಬೂದಿಗೆರೆ ಹತ್ತಿರ ಒಂದು ಹೊಸ ಲೇಔಟ್ ಇತ್ತು, ಅಗಲವಾದ ರಸ್ತೆಗಳು, ಒಂದೂ ಮನೆಯಿಲ್ಲ, ಜನವಿಲ್ಲ, ಗೇಟಿನಲ್ಲೊಬ್ಬ ವಾಚ್‌ಮನ್ ಮಾತ್ರ. ಸೈಟು ನೋಡೋಕೆ ಬಂದಿದ್ದೀವಿ ಅಂತ ಅವನಿಗೆ ಹೇಳಿ ಒಳಗೆ ಹೋಗೋಣ ಅಂದುಕೊಂಡೆ.

ಅಷ್ಟು ಹೊತ್ತಿಗೆ ನನಗೊಂದು ಒಳ್ಳೇ ಬುದ್ಧಿ ಬಂತು. ಮದುವೆಯಾಗಿ ಇಪ್ಪತ್ತೆರಡು ವರ್ಷ. ನನ್ನ ಹೆಂಡತಿಯನ್ನು ಕಾರಿನಲ್ಲಿ ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ಡಾಕ್ಟರನ್ನು ಕೇಳಿದೆ. "ಧಾರಾಳವಾಗಿ ಕರ್ಕೊಂಡು ಹೋಗ್ರಿ," ಅಂದರು. ಮನೆಗೆ ಫೋನ್ ಮಾಡಿ, "ರೆಡಿಯಾಗಿರು, ಸುತ್ತಾಡ್ಕೊಂಡು ಬರೋಣ," ಅಂದೆ. ಯಾಕೆ ಹೋಗ್ತಿದ್ದೀವಿ ಅಂತ ಹೇಳಲಿಲ್ಲ.

ಅವಳಣ್ಣ ತನ್ನ ಮಗ್ಗದಲ್ಲೇ ನೇಯ್ದು ಕೊಟ್ಟಿದ್ದ ನೇರಳೆ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಾಗಿಲಲ್ಲೇ ನಿಂತಿದ್ದಳು. ದಾರಿಯುದ್ದಕ್ಕೂ ಕಿಟಕಿ ಇಳಿಸಿ ನಗುತ್ತಾ ಬಂದಳು.

ಲೇಔಟಿನೊಳಗೆ ಹೋಗಿ ಮೊದಲ ಸಲ ಬ್ರೇಕ್ ತುಳಿದಾಗ "ಏನ್ರೀ, ನಾಯಿ ಬಂತಾ?" ಅಂದಳು. ಎರಡನೇ ಸಲ "ಏನಾಯ್ತ್ರೀ?" ಅಂದಳು. ಮೂರನೇ ಸಲಕ್ಕೆ ಮಲ್ಲಿಗೆ ಡ್ಯಾಶ್‌ಬೋರ್ಡ್ ಮೇಲಿತ್ತು. ನಾಲ್ಕರಿಂದ "ಇಳಿಸ್ರೀ, ನನ್ನ ಇಳಿಸ್ರೀ!" ಅಂತ ಶುರುವಾಯಿತು. ಮಧ್ಯದಲ್ಲಿ ನಿಲ್ಲಿಸಿದರೆ ಪ್ಯಾಡು ಕೆಡುತ್ತೆ. ನಾನು ಪ್ಯಾಡು ಉಳಿಸಿಕೊಂಡೆ. ಈಗ ಯೋಚಿಸಿದರೆ ಉಳಿಸಬೇಕಾಗಿದ್ದದ್ದು ಬೇರೆ ಇತ್ತು.

ಹತ್ತು ಮುಗಿಸಿ, ಪ್ಯಾಡು ತಣಿಯಲಿ ಅಂತ ಎರಡು ಸುತ್ತು ಮೆಲ್ಲಗೆ ಓಡಿಸಿ ಗೇಟಿನ ಹತ್ತಿರ ಬಂದೆ. ಅವಳು ಬಾಗಿಲು ತೆಗೆದು ಇಳಿದು, ಮರ ಹಿಡಿದುಕೊಂಡು ಬಗ್ಗಿದಳು. ವಾಚ್‌ಮನ್ ಓಡಿ ಬಂದು ನೀರಿನ ಬಾಟಲಿ ಕೊಟ್ಟ. ನನ್ನ ಮುಖವನ್ನೂ ನೋಡದೆ ಅವಳಿಗೆ ಹೇಳಿದ:

"ನಾನು ಇಲ್ಲಿಂದ್ಲೇ ಎಣಿಸ್ತಿದ್ದೆ ಕಣಮ್ಮ. ಹತ್ತು ಸಲ ಜಗಳ ಆಡಿ ಇಳೀತೀನಿ ಅಂದ್ರಿ. ಈ ಯಪ್ಪ ಒಂದು ಸಲನಾದ್ರೂ ಪೂರ್ತಿ ನಿಲ್ಸಬಾರದಾ?"

ಬ್ರೇಕ್ ಹಾಕಿದ್ದು ಯಾರು

ಡಾಕ್ಟರು ಕಾರು ಮಾರಿ ಈಗ ಎರಡು ವರ್ಷ. ಕತ್ತು ನೋವು ಜಾಸ್ತಿಯಾಗಿ, ಇನ್ನು ಸಾಕು ಅಂತ ತೀರ್ಮಾನಿಸಿದ್ದರು. ಮಾರೋಕೆ ಮುಂಚೆ ಒಂದೇ ಒಂದು ಸಲ, ಗಡಿಯಾರ ಇಟ್ಟು ಸಮಯ ಅಳೆಯೋ ಓಟದಲ್ಲಿ ಹೆಸರು ಕೊಟ್ಟಿದ್ದರು. ಆ ಓಟ ಅವರು ಓಡಲಿಲ್ಲ. ಕಾರಣ ನಾನು.

ಅವತ್ತು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಬೆಳಗಿನ ಅಭ್ಯಾಸದಲ್ಲಿ ಕೆಂಪು ಕಾರಿನ ಬ್ರೇಕು ತಿರುವುಗಳಲ್ಲಿ ಹಿಡಿದ ರೀತಿ ನೋಡಿ ಬೆಂಗಳೂರಿನಿಂದ ಬಂದಿದ್ದ ಇಬ್ಬರು ದೊಡ್ಡ ಕಾರಿನವರು ಹುಡುಕಿಕೊಂಡು ಬಂದರು. "ಡಾಕ್ಟ್ರೇ, ಇದಕ್ಕೆ ಬ್ರೇಕ್ ಹಾಕಿದ್ದು ಯಾರು?" ಡಾಕ್ಟರು ನನ್ನ ಬೆನ್ನ ಮೇಲೆ ಕೈಯಿಟ್ಟು, "ಇವರೇ. ನಮ್ಮ ದೊಡ್ಡಬಳ್ಳಾಪುರದೋರು," ಅಂದರು. ಇಷ್ಟೆಲ್ಲ ಅನುಭವಿಸಿದ ಮನುಷ್ಯ ನನ್ನನ್ನು ಹಾಗೆ ಹೆಮ್ಮೆಯಿಂದ ತೋರಿಸಿದ್ದು ಕಂಡು ನನ್ನ ಕಣ್ಣು ಒದ್ದೆಯಾಯಿತು.

"ಬನ್ನಿ, ಒಂದು ಸಲ ಕೂತ್ಕೊಂಡು ನೋಡಿ. ಇನ್ನು ಅವಕಾಶ ಸಿಗಲ್ಲ," ಅಂತ ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡರು.

ಆ ಐದು ಸುತ್ತು ನಾನು ನೋಡಿಲ್ಲ. ಕಣ್ಣು ಮುಚ್ಚಿದ್ದೆ. ಇಲ್ಲದ ಬ್ರೇಕ್ ಪೆಡಲನ್ನು ಎರಡೂ ಕಾಲಲ್ಲಿ ತುಳಿಯುತ್ತಿದ್ದೆ. ಕಾರು ಶೆಡ್ಡಿನ ಹತ್ತಿರ ಬಂದು ನಿಂತಿತು, ಡಾಕ್ಟರು ಎಂಜಿನ್ ಆರಿಸಿ ಇಳಿದು ನೀರು ಕುಡಿಯೋಕೆ ಹೋದರು. ನಾನೂ ತೂರಾಡುತ್ತಾ ಇಳಿದೆ. ಇಳಿಯೋ ಮುಂಚೆ, ಹದಿನೆಂಟು ವರ್ಷ ಲಾರಿ ಅಂಗಡಿಯಲ್ಲಿ ಮಾಡಿದ ಅಭ್ಯಾಸದಂತೆ, ಕೈ ತನ್ನಷ್ಟಕ್ಕೆ ಹ್ಯಾಂಡ್‌ಬ್ರೇಕ್ ಎಳೆದುಬಿಟ್ಟಿತು. ಬಲವಾಗಿ, ಕಟಕಟ ಅಂತ ಕೊನೇ ಹಲ್ಲಿನವರೆಗೂ.

ಟ್ರ್ಯಾಕಿನಿಂದ ಬಂದ ಕಾರಿಗೆ ಹ್ಯಾಂಡ್‌ಬ್ರೇಕ್ ಎಳೆಯಬಾರದು. ಕಾದ ಪ್ಯಾಡು ಕಾದ ಡಿಸ್ಕಿಗೆ ಅಂಟಿಕೊಂಡುಬಿಡುತ್ತೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಬೇಕು. ಡಾಕ್ಟರಿಗೆ ಇದನ್ನು ಹತ್ತು ಸಲ ಹೇಳಿದ್ದವನೂ ನಾನೇ.

ನಾನು ನಲ್ಲಿ ಹತ್ತಿರ ಹೋಗಿ ತಲೆಗೆ ನೀರು ಹಾಕಿಕೊಂಡು, ಕಾರು ತಣಿಯೋಷ್ಟು ಹೊತ್ತು ನೆರಳಲ್ಲಿ ಕೂತಿದ್ದೆ. ಅಷ್ಟರಲ್ಲಿ ಮೈಕಿನಲ್ಲಿ ಡಾಕ್ಟರ ಸರದಿ ಕರೆದರು. ಎದ್ದು ಬಂದು ನೋಡಿದರೆ ಕೆಂಪು ಕಾರಿನ ಸುತ್ತ ಜಾತ್ರೆಯಷ್ಟು ಜನ. ಬೆಳಗಿನ ದೊಡ್ಡ ಕಾರಿನವರಿಬ್ಬರೂ ಇದ್ದರು. ಅವರ ನಡುವೆ ಟ್ರ್ಯಾಕಿನ ಮೇಲ್ವಿಚಾರಕರು ಸೊಂಟದ ಮೇಲೆ ಕೈಯಿಟ್ಟು ಗಟ್ಟಿಯಾಗಿ ಕೇಳುತ್ತಿದ್ದರು:

"ಈ ಗಾಡಿಗೆ ಬ್ರೇಕ್ ಹಾಕಿದ್ದು ಯಾರು?"

ಸುದ್ದಿ ಇಲ್ಲಿಯವರೆಗೂ ಮುಟ್ಟಿತಲ್ಲ ಅಂತ ನನಗೆ ಎದೆ ಉಬ್ಬಿತು. ಜನರನ್ನು ಸರಿಸಿಕೊಂಡು ಮುಂದೆ ಬಂದೆ. ಬೆವರು ಸುರಿಸಿಕೊಂಡು ಹಿಂದಿನಿಂದ ಅಲುಗದ ಕಾರನ್ನು ತಳ್ಳುತ್ತಿದ್ದ ನಾಲ್ಕು ಜನ ನನ್ನ ಕಣ್ಣಿಗೆ ಬೀಳಲೇ ಇಲ್ಲ.

"ನಾನೇ ಸಾರ್!" ಅಂದೆ. "ಯಾರ ಸಹಾಯಾನೂ ಇಲ್ದೆ, ನನ್ನ ಕೈಯಾರೆ ಹಾಕಿದ್ದು. ಒಂದು ಸಲ ನಾನು ಹಾಕಿದ್ರೆ ಆ ಬ್ರೇಕ್ ಬಿಡೋ ಮಾತೇ ಇಲ್ಲ. ಬೇಕಾದ್ರೆ ಹೇಳಿ, ಇಲ್ಲಿರೋ ಎಲ್ರ ಗಾಡಿಗೂ ಹಾಕ್ಕೊಡ್ತೀನಿ!"

ದೊಡ್ಡ ಕಾರಿನವರಿಬ್ಬರು ಮುಖ ಮುಖ ನೋಡಿಕೊಂಡರು. ಆಮೇಲೆ ಗುಂಪಿನಲ್ಲಿದ್ದ ಒಬ್ಬೊಬ್ಬರೇ ಸದ್ದಿಲ್ಲದೆ ಹಿಂದೆ ಸರಿದು, ಹೋಗಿ ತಂತಮ್ಮ ಕಾರಿನ ಬಾಗಿಲು ಲಾಕ್ ಮಾಡಿಕೊಂಡರು.